ನಾಯಿ ಕಾಲು ಮುರಿದ್ರೆ ಅದೂ ನಮ್ಮ ಸಿಲಬಸ್ಸೇ

ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 948 ಕೊಳ್ಳೇಗಾಲ, ಯಳಂದೂರಿನ ಮೂಲಕವೇ ಹಾದುಹೋಗುತ್ತದೆ. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗೋ ರಸ್ತೆಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿ ಬಂತು ಅಂದ್ರೆ ಗಾಡಿಗಳ ಸಾಲೋ ಸಾಲು. ಈ ಎರಡು ರಸ್ತೆಗಳ ಬದಿಯಲ್ಲಿ ಒಂದು ಕಾಲು ಎತ್ತಿಕೊಂಡು ಕುಂಟುವ ನಾಯಿಗಳನ್ನ ನೋಡದೆ ಬೆಳೆದವರು ನಮ್ಮ ಗುಂಪಿನಲ್ಲಿ ಯಾರೂ ಇಲ್ಲ. ನಾವು ಅಂದ್ರೆ ಈ ಮೂರು ತಾಲ್ಲೂಕುಗಳಿಂದ ಬಂದು ಇಲ್ಲಿ ಮೆಕ್ಯಾನಿಕಲ್, ಬಯೋಟೆಕ್, ಇ ಅಂಡ್ ಸಿ ಓದುತ್ತಿರುವ ಕೆಲವರು.

ಈಗ ದೊಡ್ಡ ಊರುಗಳ ಪಶು ಆಸ್ಪತ್ರೆಗಳಲ್ಲಿ ಮೂಳೆ ಕಸಿ, ಗ್ರೋತ್ ಫ್ಯಾಕ್ಟರ್, ಪಿಆರ್‌ಪಿ ಅನ್ನೋ ಮಾತು ಕೇಳಿಬರುತ್ತಿದೆ. ಕೇಳಿದವರಿಗೆ ಎರಡರಲ್ಲಿ ಒಂದು ಅನಿಸುತ್ತದೆ: ಒಂದೋ ಇದು ಮ್ಯಾಜಿಕ್ಕು, ಇಲ್ಲಾಂದ್ರೆ ಶ್ರೀಮಂತರ ನಾಯಿಗಳ ಶೋಕಿ. ಎರಡೂ ಅಲ್ಲ ಅನ್ನೋದು ನಮ್ಮ ವಾದ. ಮುರಿದ ನಾಯಿ ಕಾಲಿನ ಪ್ರಶ್ನೆಯಲ್ಲಿ ಅರ್ಧ ಡಾಕ್ಟರದ್ದು, ಇನ್ನರ್ಧ ಇಂಜಿನಿಯರದ್ದು. ನಮ್ಮ ತಾಲ್ಲೂಕುಗಳಲ್ಲಿ ಖಾಲಿ ಬಿದ್ದಿರೋದು ಆ ಎರಡನೇ ಅರ್ಧ.

ನಮ್ಮ ಕಡೆ ನಾಯಿ ಅಂದ್ರೆ ಏನು

ಮೊದಲು ಒಂದು ಮಾತು. ನಾವು ಹೇಳ್ತಿರೋದು ಸೋಫಾ ಮೇಲೆ ಮಲಗೋ ನಾಯಿಯ ಕಥೆ ಅಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಹುಲಿ ರಕ್ಷಿತಾರಣ್ಯ, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ, ಮೇಲೆ ಕಾವೇರಿ ವನ್ಯಧಾಮ. ಈ ಕಾಡುಗಳ ಅಂಚಿನಲ್ಲಿರುವ ಹಳ್ಳಿಗಳಲ್ಲಿ, ಅದರಲ್ಲೂ ಹೆಸರಲ್ಲೇ ದೊಡ್ಡಿ ಅಂತ ಇರೋ ಹನೂರು ಕಡೆಯ ಊರುಗಳಲ್ಲಿ, ನಾಯಿ ಮನೆಯ ಒಬ್ಬ ಆಳು ಇದ್ದ ಹಾಗೆ. ರಾತ್ರಿ ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಮೊದಲು ಬೊಗಳೋದು ಅದೇ. ಆಡು ಕುರಿ ಮೇಯಿಸೋಕೆ ಹೋದಾಗ ಪೊದೆಯಲ್ಲಿ ಚಿರತೆ ವಾಸನೆ ಹಿಡಿಯೋದೂ ಅದೇ. ಅದರ ಕಾಲು ಮುರೀತು ಅಂದ್ರೆ ಆ ಮನೆಯ ಕಾವಲು ಹೋಯ್ತು.

ಆಗ ಮನೆಯವರ ಮುಂದೆ ಇರೋದು ಮೂರು ದಾರಿ. ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿ ನಾಟಿ ಕಟ್ಟು ಕಟ್ಟೋದು. ಏನೂ ಮಾಡದೆ ಬಿಡೋದು. ಇಲ್ಲಾಂದ್ರೆ ಗಾಡಿ ಮಾಡಿಕೊಂಡು ಮೈಸೂರಿಗೋ, ಸುಮಾರು 140 ಕಿಲೋಮೀಟರ್ ದೂರದ ಬೆಂಗಳೂರಿಗೋ ಹೋಗೋದು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ಶಸ್ತ್ರಚಿಕಿತ್ಸೆ ಬಲ್ಲವರಿದ್ದಾರೆ. ಆದರೆ ಮಲೆ ಮಹದೇಶ್ವರ ಬೆಟ್ಟದ ಆಚೆಗಿನ ಊರಿನಿಂದ, ಒಂದು ದಿನದ ಕೂಲಿ ಬಿಟ್ಟು, ನೋವಿನಲ್ಲಿ ಕಚ್ಚೋಕೆ ಬರೋ ನಾಯಿಯನ್ನ ಯಾವ ಆಟೋದಲ್ಲಿ ಹಾಕಿಕೊಂಡು ಹೋಗ್ತೀರಿ? ತಾಲ್ಲೂಕು ಆಸ್ಪತ್ರೆಯ ಪಶುವೈದ್ಯರನ್ನ ದೂರಿ ಪ್ರಯೋಜನ ಇಲ್ಲ. ಹಸುವಿನ ಹೆರಿಗೆ, ಕಾಲುಬಾಯಿ ಜ್ವರದ ಲಸಿಕೆ, ಹಳ್ಳಿ ಸುತ್ತಾಟದಲ್ಲೇ ಅವರ ದಿನ ಮುಗಿಯುತ್ತದೆ. ಮೂಳೆಗೆ ಪ್ಲೇಟು ಹಾಕೋಕೆ ಬೇಕಾದ ಸಲಕರಣೆ, ಎಕ್ಸ್‌ರೇ, ಇನ್ನೊಂದು ಜೊತೆ ಕೈ ಅವರ ಹತ್ತಿರ ಇರಬೇಕಲ್ಲ.

ಮೊದಲು ಮೆಕ್ಯಾನಿಕ್ಸ್, ಆಮೇಲೆ ಬಯಾಲಜಿ

ಮೂಳೆ ಹೇಗೆ ಕೂಡುತ್ತೆ ಅನ್ನೋದನ್ನ ನೋಡಿದರೆ ನಮಗೆಲ್ಲ ಪರಿಚಯದ ಒಂದು ಪದ ಸಿಗುತ್ತದೆ: ಸ್ಟ್ರೇನ್. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಊತ ಬರುತ್ತದೆ, ಆಮೇಲೆ ಮೆತ್ತನೆಯ ಅಂಗಾಂಶ, ಅದರ ಮೇಲೆ ಮೃದ್ವಸ್ಥಿ, ಕೊನೆಗೆ ಮೂಳೆ. ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಇದನ್ನ ಲೆಕ್ಕದ ಭಾಷೆಯಲ್ಲಿ ಹೇಳಿದರು. ಮೊದಲ ಹಂತದ ಮೆತ್ತನೆಯ ಅಂಗಾಂಶ ಸುಮಾರು 100 ಪರ್ಸೆಂಟ್ ಸ್ಟ್ರೇನ್ ತಡೆಯುತ್ತೆ, ಮೃದ್ವಸ್ಥಿ ಸುಮಾರು 10, ಮೂಳೆ ಬರೀ 2. ಬಿರುಕು 1 ಮಿಲಿಮೀಟರ್ ಇದೆ ಅಂದ್ಕೊಳ್ಳಿ. ನಾಯಿ ಹೆಜ್ಜೆ ಇಟ್ಟಾಗ ಆ ಬಿರುಕು 0.02 ಮಿಲಿಮೀಟರಿಗಿಂತ ಹೆಚ್ಚು ಅಲುಗಾಡಿದರೆ ಅಲ್ಲಿ ನೇರವಾಗಿ ಮೂಳೆ ಹುಟ್ಟೋಕೆ ಆಗಲ್ಲ. ದೇಹ ಸುತ್ತಲೂ ಗಂಟು ಕಟ್ಟಿ ಅಲುಗಾಟ ಕಮ್ಮಿ ಮಾಡೋಕೆ ನೋಡುತ್ತೆ. ಅಲುಗಾಟ ಮಿತಿ ಮೀರಿದರೆ ಆ ಪ್ರಯತ್ನವೂ ಸೋತು, ಎರಡು ತುಂಡಿನ ಮಧ್ಯೆ ನಾರು ಮಾತ್ರ ಉಳಿಯುತ್ತದೆ.

ಇದೇ ಕಾರಣಕ್ಕೆ ನಾಟಿ ಕಟ್ಟು ಕೆಲವು ಸಲ ಗೆಲ್ಲುತ್ತೆ, ಕೆಲವು ಸಲ ಸೋಲುತ್ತೆ. ಮುಂಗಾಲಿನ ಕೆಳಭಾಗದಲ್ಲಿ ಮೂಳೆ ಬಿರುಕು ಬಿಟ್ಟಿದ್ದರೆ, ಮೇಲಿನ ಕೀಲು ಕೆಳಗಿನ ಕೀಲು ಎರಡನ್ನೂ ಹಿಡಿಯುವ ಹಾಗೆ ದಬ್ಬೆ ಕಟ್ಟಿದರೆ ಕೂಡಬಹುದು. ತೊಡೆಮೂಳೆಗೆ ಇದು ನಡೆಯಲ್ಲ. ಸೊಂಟದ ಕೀಲನ್ನ ದಬ್ಬೆ ಹಿಡಿಯೋಕೆ ಸಾಧ್ಯವೇ ಇಲ್ಲವಲ್ಲ. ಕೆಳಗೆ ಕಟ್ಟಿದ ಕಟ್ಟು ಲೋಲಕದ ಹಾಗೆ ತೂಗಿ, ಮುರಿದ ಜಾಗವನ್ನ ಇನ್ನಷ್ಟು ತಿರುಚುತ್ತದೆ. ರಸ್ತೆಯಲ್ಲಿ ಗಾಡಿಗೆ ಸಿಕ್ಕ ನಾಯಿಗಳಲ್ಲಿ ಹೆಚ್ಚಾಗಿ ಮುರಿಯೋ ಮೂಳೆಗಳಲ್ಲಿ ತೊಡೆಮೂಳೆಯೂ ಒಂದು ಅನ್ನೋದೇ ಕಷ್ಟ.

ನಾಟಿ ವಿದ್ಯೆಯನ್ನ ಹೀಗಳೆಯೋದು ನಮ್ಮ ಉದ್ದೇಶ ಅಲ್ಲ. ನಮ್ಮ ಬೇಲಿ ಸಾಲಲ್ಲಿ ಬೆಳೆಯೋ ಮಂಗರವಳ್ಳಿಯನ್ನ ತಗೊಳ್ಳಿ. ಉಡುಪಿ ಮೂಲದ ಸರ್ಜನ್ ಕೆ. ಎನ್. ಉಡುಪ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲೇ ಮುರಿದ ಮೂಳೆಯ ಮೇಲೆ ಅದರ ಪರಿಣಾಮವನ್ನ ಅಳೆದರು. ಮೂಳೆಯ ಬಲವನ್ನ ಯಂತ್ರದಲ್ಲಿ ಪರೀಕ್ಷಿಸಿ, ವಿಕಿರಣಶೀಲ ಕ್ಯಾಲ್ಸಿಯಂ 45 ಬಳಸಿ ಅಳೆದ ಕೆಲಸ ಅದು. 1994ರಲ್ಲಿ ಅದೇ ಬಳ್ಳಿಯನ್ನ ನಾಯಿಗಳ ಮುಂಗಾಲಿನ ಮುರಿತದ ಮೇಲೆ ಪರೀಕ್ಷಿಸಿದ ವರದಿ ಭಾರತದ ಔಷಧಶಾಸ್ತ್ರದ ಪತ್ರಿಕೆಯಲ್ಲಿ ಬಂತು. ಅಂದ್ರೆ ಅಜ್ಜಿ ಹೇಳಿದ ಮಾತನ್ನ ಅಳತೆಗೆ ಹಚ್ಚೋದು ಸಾಧ್ಯ. ಆದರೆ ಯಾವ ಬಳ್ಳಿಯೂ ಅಲುಗಾಡೋ ಮೂಳೆಯನ್ನ ಹಿಡಿದು ನಿಲ್ಲಿಸಲ್ಲ.

ಕಸಿ: ಅಂಗಡಿಗೆ ಹೋಗೋದೇ ಬೇಡ

ಗಟ್ಟಿಯಾಗಿ ನಿಲ್ಲಿಸಿದ ಮೇಲೂ ಕೂಡದ ಮೂಳೆಗಳಿವೆ. ಚೂರಾಗಿ ಒಂದು ತುಂಡೇ ಕಾಣೆಯಾದದ್ದು, ತಿಂಗಳುಗಟ್ಟಲೆ ಹಾಗೇ ಬಿಟ್ಟದ್ದು, ವಯಸ್ಸಾದ ನಾಯಿಯದ್ದು, ಪೊಮೆರೇನಿಯನ್ ಥರದ ಪುಟ್ಟ ತಳಿಗಳ ಮುಂಗಾಲಿನ ತುದಿಯದ್ದು. ಪುಟ್ಟ ತಳಿಗಳಲ್ಲಿ ಆ ಜಾಗಕ್ಕೆ ಮಾಂಸದ ಹೊದಿಕೆಯೂ ಕಮ್ಮಿ, ರಕ್ತನಾಳವೂ ಕಮ್ಮಿ. ಇಂಥ ಕಡೆ ಬೇಕಾಗೋದು ಕಸಿ.

ಇದರಲ್ಲಿ ಇವತ್ತಿಗೂ ಎಲ್ಲಕ್ಕಿಂತ ಮೇಲು ಅನ್ನಿಸಿಕೊಂಡಿರೋದು ಅದೇ ನಾಯಿಯ ಮೂಳೆ. ಭುಜದ ಕೀಲಿನ ಹತ್ತಿರ ಮೂಳೆಗೆ ಸಣ್ಣ ತೂತು ಕೊರೆದು, ಒಳಗಿನ ಸ್ಪಂಜಿನಂಥ ಭಾಗವನ್ನ ಚಮಚದಂಥ ಸಲಕರಣೆಯಲ್ಲಿ ಕೆರೆದು ತೆಗೆದು, ಒಣಗೋಕೆ ಬಿಡದೆ ಮುರಿದ ಜಾಗಕ್ಕೆ ತುಂಬುತ್ತಾರೆ. ಇದರಲ್ಲಿ ಮೂರು ಗುಣ ಒಟ್ಟಿಗಿವೆ. ಮೂಳೆ ಕಟ್ಟೋ ಜೀವಕೋಶ ಇದೆ, ಕಟ್ಟು ಅಂತ ಹೇಳೋ ಸಂದೇಶ ಇದೆ, ಹತ್ತಿ ಹೋಗೋಕೆ ಅಟ್ಟಣೆ ಇದೆ. ಸಾಮಾನಿಗೆ ಖರ್ಚಿಲ್ಲ, ದೇಹ ತಿರಸ್ಕರಿಸೋ ಭಯ ಇಲ್ಲ. ತೊಂದರೆ ಅಂದ್ರೆ ಇನ್ನೊಂದು ಗಾಯ ಆಗುತ್ತೆ, ಅರಿವಳಿಕೆಯ ಸಮಯ ಹೆಚ್ಚುತ್ತೆ, ಚಿಕ್ಕ ನಾಯಿಯಲ್ಲಿ ಬೇಕಾದಷ್ಟು ಸಿಗಲ್ಲ.

ಸಿಗದಿದ್ದಾಗ ಬೇರೆ ನಾಯಿಯ ಮೂಳೆ, ಅದಕ್ಕೆ ಶೀತಲ ಬ್ಯಾಂಕು ಬೇಕು. ಇಲ್ಲಾಂದ್ರೆ ದನದ ಮೂಳೆಯಿಂದಲೋ ಮೊಟ್ಟೆ ಚಿಪ್ಪಿನಿಂದಲೋ ಮಾಡಿದ ಹೈಡ್ರಾಕ್ಸಿಅಪಟೈಟ್. ಮೂಳೆಯ ಖನಿಜ ಭಾಗ ಇದೇ ಜಾತಿಯ ಕ್ಯಾಲ್ಸಿಯಂ ಫಾಸ್ಫೇಟು. ಇವು ಅಟ್ಟಣೆ ಕೊಡುತ್ತವೆ, ಜೀವಕೋಶ ಕೊಡಲ್ಲ. ಗಾರೆ ಕೆಲಸದವರಿಲ್ಲದೆ ಬರೀ ಸಾರುವೆ ಕಟ್ಟಿದ ಹಾಗೆ.

ಗ್ರೋತ್ ಫ್ಯಾಕ್ಟರ್: ಬೆರಗೂ ಇರಲಿ, ಅನುಮಾನವೂ ಇರಲಿ

1965ರಲ್ಲಿ ಅಮೆರಿಕದ ಸರ್ಜನ್ ಮಾರ್ಷಲ್ ಯೂರಿಸ್ಟ್ ಒಂದು ವಿಚಿತ್ರ ಪ್ರಕಟಿಸಿದರು. ಮೂಳೆಯನ್ನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಖನಿಜವನ್ನೆಲ್ಲ ತೆಗೆದು, ಉಳಿದದ್ದನ್ನ ಪ್ರಾಣಿಯ ಮಾಂಸಖಂಡದೊಳಗೆ ಇಟ್ಟರು. ಮೂಳೆಯೇ ಇಲ್ಲದ ಜಾಗದಲ್ಲಿ ಹೊಸ ಮೂಳೆ ಹುಟ್ಟಿತು. ಇದನ್ನ ಮಾಡಿಸೋ ಪ್ರೋಟೀನಿಗೆ ಆಮೇಲೆ ಬಿಎಂಪಿ ಅಂತ ಹೆಸರಾಯ್ತು. ಕೇಜಿಗಟ್ಟಲೆ ಮೂಳೆಯಿಂದ ತೆಗೆದರೂ ಸಿಗೋದು ಅತ್ಯಲ್ಪ. ಅದಕ್ಕೇ 1988ರಲ್ಲಿ ಅದರ ಜೀನನ್ನ ಹಿಡಿದು, ಸಾಕಿದ ಜೀವಕೋಶಗಳಲ್ಲಿ ತಯಾರಿಸೋ ದಾರಿ ತೆರೆದರು. 2002ರಲ್ಲಿ ಅಮೆರಿಕದಲ್ಲಿ ಮನುಷ್ಯರ ಬೆನ್ನುಮೂಳೆ ಜೋಡಣೆಗೆ ಬಿಎಂಪಿ 2ಕ್ಕೆ ಅನುಮತಿ ಸಿಕ್ಕಿತು. 2008ರಲ್ಲಿ ಅದೇ ಸರ್ಕಾರಿ ಸಂಸ್ಥೆ ಎಚ್ಚರಿಕೆಯನ್ನೂ ಕೊಟ್ಟಿತು: ಕುತ್ತಿಗೆಯಲ್ಲಿ ಬಳಸಿದಾಗ ಜೀವಕ್ಕೆ ಅಪಾಯವಾಗೋ ಊತ ಬಂದದ್ದಿದೆ. ಬೇಡದ ಕಡೆ ಮೂಳೆ ಬೆಳೆಯೋ ಅಪಾಯವೂ ಇದೆ. ಬೆಲೆಯಂತೂ ಕೇಳೋದೇ ಬೇಡ.

ಪಿಆರ್‌ಪಿ ಇದರ ಅಗ್ಗದ ತಮ್ಮ. ನಾಯಿಯದೇ ರಕ್ತ ತೆಗೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲೇಟ್‌ಲೆಟ್ಟುಗಳನ್ನ ಒಂದು ಕಡೆ ಸೇರಿಸೋದು. ಅವುಗಳೊಳಗೆ ಗಾಯ ಮಾಯಿಸೋ ಹಲವು ಗ್ರೋತ್ ಫ್ಯಾಕ್ಟರುಗಳಿವೆ. ತಾಲ್ಲೂಕು ಮಟ್ಟದಲ್ಲೂ ಮಾಡಬಹುದಾದ ಕೆಲಸ. ಆದರೆ ಮೂಳೆಯ ವಿಷಯದಲ್ಲಿ ಇದರ ಫಲಿತಾಂಶ ಒಂದೇ ಥರ ಬಂದಿಲ್ಲ. ಹಾಗಾಗಿ ಯಾರಾದ್ರೂ ಕಾಲನ್ನ ಗಟ್ಟಿಯಾಗಿ ನಿಲ್ಲಿಸದೆ, ಒಂದು ಇಂಜೆಕ್ಷನ್ನಿನಲ್ಲಿ ಮೂಳೆ ಕೂಡಿಸ್ತೀವಿ ಅಂದ್ರೆ ನಂಬಬೇಡಿ.

2007ರಲ್ಲಿ ಜಿಯಾನೌಡಿಸ್ ಮತ್ತು ಜೊತೆಗಾರರು ಇದನ್ನೆಲ್ಲ ವಜ್ರದ ಆಕಾರದ ಒಂದು ಚಿತ್ರಕ್ಕೆ ತಂದರು. ನಾಲ್ಕು ಮೂಲೆ: ಜೀವಕೋಶ, ಅಟ್ಟಣೆ, ಗ್ರೋತ್ ಫ್ಯಾಕ್ಟರ್, ಯಾಂತ್ರಿಕ ಸ್ಥಿರತೆ. ನಮ್ಮ ಓದಿನ ಪ್ರಕಾರ ಹೆಚ್ಚಿನ ನಾಯಿಗಳಿಗೆ ಮೊದಲ ಮೂರನ್ನ ಅವುಗಳ ದೇಹವೇ ಕೊಡುತ್ತದೆ. ಮೂರು ತಿಂಗಳೊಳಗಿನ ಮರಿಯಾದ್ರೆ ಕೆಲವೇ ವಾರದಲ್ಲಿ, ದೊಡ್ಡ ನಾಯಿಯಾದ್ರೆ ಎರಡು ಮೂರು ತಿಂಗಳಲ್ಲಿ ಕೂಡಿಸಿಕೊಳ್ಳುತ್ತದೆ. ನಮ್ಮ ಊರುಗಳಲ್ಲಿ ಇಲ್ಲದಿರೋದು ನಾಲ್ಕನೇ ಮೂಲೆ.

ಒಂದು ಸಾಲ ಇದೆ

ಈ ಜ್ಞಾನ ಎಲ್ಲಿಂದ ಬಂತು ಅನ್ನೋದನ್ನ ನಾವು ಸುಮ್ಮನೆ ದಾಟಿ ಹೋಗಬಾರದು. ಸೈಬೀರಿಯಾದ ಕುರ್ಗಾನ್ ಊರಿನ ಇಲಿಜರೋವ್, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಬಿಗಿದ ತೆಳು ತಂತಿಗಳಿಂದ ಮೂಳೆ ಹಿಡಿದು, ನಿಧಾನವಾಗಿ ಎಳೆದು ಹೊಸ ಮೂಳೆ ಬೆಳೆಸಬಹುದು ಅಂತ ತೋರಿಸಿದರು. 1989ರಲ್ಲಿ ಅವರು ಪ್ರಕಟಿಸಿದ ಪ್ರಯೋಗಗಳು ನಡೆದದ್ದು ನಾಯಿಗಳ ಕಾಲಿನ ಮೇಲೆ. 1994ರಲ್ಲಿ ಬಿಎಂಪಿ 7 ಉದ್ದ ಮೂಳೆಯ ಕಾಣೆಯಾದ ತುಂಡನ್ನ ತುಂಬಬಲ್ಲದು ಅಂತ ತೋರಿಸಿದ್ದೂ ನಾಯಿಗಳಲ್ಲೇ. ಮನುಷ್ಯರ ಕಾಲು ಉಳಿಸಿದ ವಿದ್ಯೆಯ ದೊಡ್ಡ ಪಾಲು ನಾಯಿಗಳ ಮುರಿದ ಕಾಲಿನಿಂದ ಬಂದದ್ದು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಕೊಟ್ಟವರಿಗೆ ಕೊನೆಗೆ ಸಿಗೋದು ನಮ್ಮ ಸೀಮೆಗೆ ಹೊಸದಲ್ಲ. ಈ ಸಾಲ ತೀರಿಸೋಕೆ ನಮಗೆ ಆಗೋ ಅಷ್ಟಾದ್ರೂ ಮಾಡೋಣ.

ಕೊಳ್ಳೇಗಾಲದ ಗೂಡು

ಅಟ್ಟಣೆಯ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಒಳ್ಳೆ ಅವಕಾಶ ಇದೆ: ರೇಷ್ಮೆ. ಕೊಳ್ಳೇಗಾಲ ಅಂದ್ರೆ ಜನ ಸೀರೆ ಅಂತಾರೆ. ಬಯೋಮೆಟೀರಿಯಲ್ ಓದೋರು ಅದನ್ನೇ ಫೈಬ್ರೋಯಿನ್ ಅಂತಾರೆ. ಗೂಡಿನ ಸುಮಾರು ಮುಕ್ಕಾಲು ಭಾಗ ಈ ಪ್ರೋಟೀನು, ಉಳಿದದ್ದು ಸೆರಿಸಿನ್ ಅನ್ನೋ ಅಂಟು. ಸೋಡಿಯಂ ಕಾರ್ಬೋನೇಟ್ ನೀರಲ್ಲಿ ಕುದಿಸಿದರೆ ಅಂಟು ಹೋಗುತ್ತೆ. ಉಳಿದದ್ದನ್ನ ಲಿಥಿಯಂ ಬ್ರೋಮೈಡಿನಲ್ಲಿ ಕರಗಿಸಿ, ಶುದ್ಧ ಮಾಡಿ, ಉಪ್ಪಿನ ಹರಳಿನ ಜೊತೆ ಅಚ್ಚಿಗೆ ಹಾಕಿ, ಕೊನೆಗೆ ಉಪ್ಪನ್ನ ನೀರಲ್ಲಿ ತೊಳೆದರೆ ಸ್ಪಂಜು ಸಿಗುತ್ತೆ. ಹರಳಿನ ಗಾತ್ರ ಎಷ್ಟೋ ರಂಧ್ರವೂ ಅಷ್ಟೇ. ರಕ್ತನಾಳ ನುಗ್ಗಿ ಮೂಳೆ ಬೆಳೆಯೋಕೆ 300 ಮೈಕ್ರೋಮೀಟರಿಗಿಂತ ದೊಡ್ಡ ರಂಧ್ರ ಒಳ್ಳೇದು ಅಂತಾರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬಿಎಂಪಿ ತುಂಬಿದ ರೇಷ್ಮೆ ಅಟ್ಟಣೆ ಇಲಿಗಳ ತೊಡೆಮೂಳೆಯ ದೊಡ್ಡ ಅಂತರವನ್ನ ತುಂಬಿತ್ತು.

ನೂಲು ಬಿಚ್ಚೋಕೆ ಬಾರದ ತೂತು ಗೂಡು ಮಾರುಕಟ್ಟೆಯಲ್ಲಿ ಕಮ್ಮಿ ಬೆಲೆಗೆ ಹೋಗುತ್ತೆ. ಫೈಬ್ರೋಯಿನ್ ತೆಗೆಯೋಕೆ ಅದೂ ಸಾಕು. ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯೇ ಇದೆ. ನಮ್ಮ ಬಯೋಟೆಕ್‌ನವರು ಕೇಳಿಕೊಂಡು ಹೋಗೋಕೆ ಇದಕ್ಕಿಂತ ಹತ್ತಿರದ ಬಾಗಿಲು ಬೇರೆ ಇಲ್ಲ. ಒಂದು ಎಚ್ಚರಿಕೆ: ಈ ಸ್ಪಂಜು ಭಾರ ಹೊರಲ್ಲ, ಬರೀ ತುಂಬುತ್ತೆ. ಭಾರ ಹೊರೋದು ಮತ್ತೆ ಲೋಹದ ಕೆಲಸವೇ.

ಮನುಷ್ಯರಿಗೇ ಇಲ್ಲ, ನಾಯಿಗೆ ಯಾಕೆ?

ಈ ಪ್ರಶ್ನೆ ಬಂದೇ ಬರುತ್ತೆ. ಮನೆಯಲ್ಲಿ ಹೇಳಿದಾಗ ಬಂದ ಮೊದಲ ಮಾತೇ, "ಲೋ, ನಾಯ್ಗೆ ಅಷ್ಟೊಂದ್ ದುಡ್ಡು ಯಾಕ್ಲಾ ಸುರೀತೀರಿ?" ಅಂತ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಬೆಟ್ಟದ ಊರುಗಳಲ್ಲಿ ಜ್ವರ ಬಂದರೂ ಕಿಲೋಮೀಟರುಗಟ್ಟಲೆ ಹೋಗಬೇಕು.

ನಮ್ಮ ಉತ್ತರ ಇದು. ನಾವು ಕೇಳ್ತಿರೋದು ಲಕ್ಷಗಟ್ಟಲೆ ಬೆಲೆಯ ಪ್ರೋಟೀನ್ ಅಲ್ಲ. ಬರೇಲಿಯ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಮೂಳೆಗೆ ಚುಚ್ಚಿದ ಪಿನ್ನುಗಳನ್ನ ಹೊರಗಡೆ ಎಪಾಕ್ಸಿ ಪುಟ್ಟಿಯಿಂದ ಬೆಸೆಯೋ ವಿಧಾನ ಬಳಸಿ ತೋರಿಸಿದ್ದಾರೆ. ಪೈಪು ಸೋರಿದಾಗ ಹಚ್ಚೋ ಎಂ-ಸೀಲ್ ಇದೆಯಲ್ಲ, ಅದೇ ಜಾತಿ. ಇದನ್ನ ನಾಯಿಗೆ ಮಾತ್ರ ಅಲ್ಲ, ಕರುವಿಗೂ ಆಡಿಗೂ ಹಾಕಬಹುದು. ನಾಯಿಗಾಗಿ ಕಲಿತ ಕೈ ನಾಳೆ ಒಬ್ಬ ಬಡ ಹೆಂಗಸಿನ ಆಡನ್ನ ಉಳಿಸುತ್ತೆ.

ಇನ್ನೊಂದು ಪ್ರಶ್ನೆ: ಕಾಲು ಕತ್ತರಿಸಿ ಹಾಕಿದರೆ ಮುಗೀತಲ್ಲ, ಮೂರು ಕಾಲಲ್ಲೂ ನಾಯಿ ಚೆನ್ನಾಗೇ ಓಡಾಡುತ್ತೆ. ನಿಜ, ಕೆಲವು ಸಲ ಅದೇ ಸರಿಯಾದ ಚಿಕಿತ್ಸೆ. ಆದರೆ ವೈದ್ಯರು ಯೋಚಿಸಿ ಆರಿಸಿದ ದಾರಿ ಬೇರೆ, ಬೇರೇನೂ ಇಲ್ಲ ಅಂತ ಹಿಡಿದ ದಾರಿ ಬೇರೆ. ಬೀದಿ ನಾಯಿ ಕಾಟದ ಮಾತೂ ಬರುತ್ತೆ. ಅದಕ್ಕೆ ಪರಿಹಾರ ಸಂತಾನಹರಣ ಮತ್ತು ರೇಬೀಸ್ ಲಸಿಕೆ. ಕಾಲು ಮುರಿದದ್ದನ್ನ ಹಾಗೇ ಬಿಡೋದರಿಂದ ಯಾರಿಗೂ ಕಾಟ ಕಮ್ಮಿ ಆಗಲ್ಲ.

ಹಾಗಾದ್ರೆ ಏನು ಮಾಡೋಣ

ಕೊನೇ ವರ್ಷದ ಪ್ರಾಜೆಕ್ಟಿಗೆ ಪ್ರತಿ ಸಲ ಅದೇ ಲೈನ್ ಫಾಲೋವರ್, ಅದೇ ಹಾಜರಿ ಆ್ಯಪ್. ಅದರ ಬದಲು ಈ ಮೂರರಲ್ಲಿ ಒಂದನ್ನ ತಗೊಳ್ಳಿ ಅಂತ ನಮ್ಮ ಕೇಳಿಕೆ.

ಮೆಕ್ಯಾನಿಕಲ್‌ನವರಿಗೆ: ಎಪಾಕ್ಸಿ ಪಿನ್ ಚೌಕಟ್ಟಿನ ಪರೀಕ್ಷೆ. ಪಿನ್ನಿನ ಬಾಗುವ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತೆ. 2 ಮಿಲಿಮೀಟರ್ ಪಿನ್ ಬದಲು 3 ಮಿಲಿಮೀಟರ್ ಹಾಕಿದರೆ ಐದು ಪಟ್ಟು. ಆದರೆ ಮೂಳೆಯ ವ್ಯಾಸದ ಕಾಲು ಭಾಗವನ್ನ ಪಿನ್ ತುಂಬಾ ಮೀರಿದರೆ ತೂತಿನ ಹತ್ತಿರವೇ ಮೂಳೆ ಮುರಿಯುತ್ತೆ. ಚೌಕಟ್ಟನ್ನ ಮೂಳೆಗೆ ಅರ್ಧದಷ್ಟು ಹತ್ತಿರ ತಂದರೆ ಬಿಗಿತ ಎಂಟು ಪಟ್ಟು. ಅತಿ ಬಿಗಿಯಾದರೂ ಕಷ್ಟ: ಸ್ಟೀಲಿನ ಯಂಗ್ಸ್ ಮಾಡ್ಯುಲಸ್ ಸುಮಾರು 200 ಗಿಗಾಪಾಸ್ಕಲ್, ಗಟ್ಟಿ ಮೂಳೆಯದ್ದು 20ರ ಆಸುಪಾಸು. ಭಾರವನ್ನೆಲ್ಲ ಲೋಹವೇ ಹೊತ್ತರೆ ಮೂಳೆ ಸೊರಗುತ್ತೆ. ಎಷ್ಟು ಬೇಕು ಅನ್ನೋದನ್ನ ನಮ್ಮ ಯುಟಿಎಂನಲ್ಲೇ, ಪಿವಿಸಿ ಪೈಪಿನ ಮೇಲೆ ಅಳೆದು ಒಂದು ಪುಟದ ಕೋಷ್ಟಕ ಮಾಡಿದರೆ ತಾಲ್ಲೂಕಿನ ವೈದ್ಯರು ಗೋಡೆಗೆ ಅಂಟಿಸಿಕೊಳ್ಳಬಹುದು.

ಬಯೋಟೆಕ್‌ನವರಿಗೆ: ತೂತು ಗೂಡು ಮತ್ತು ಮೊಟ್ಟೆ ಚಿಪ್ಪಿನ ಅಟ್ಟಣೆ. ಲ್ಯಾಬಿನಲ್ಲೇ ಮುಗಿಯೋ ಪರೀಕ್ಷೆಗಳು ಸಾಕಷ್ಟಿವೆ. ಕಂಪ್ಯೂಟರ್, ಇ ಅಂಡ್ ಸಿಯವರಿಗೆ: ತಾಲ್ಲೂಕಿನ ಎಕ್ಸ್‌ರೇ ಚಿತ್ರವನ್ನ ಕಮ್ಮಿ ಡೇಟಾದಲ್ಲಿ ದೂರದ ಸರ್ಜನ್‌ಗೆ ಕಳಿಸಿ, ಕೋನ ಅಳೆದು, ಈ ನಾಯಿ ಪ್ರಯಾಣ ಮಾಡಲೇಬೇಕಾ ಅಂತ ಅಲ್ಲೇ ತೀರ್ಮಾನಿಸೋ ವ್ಯವಸ್ಥೆ.

ಒಂದು ಗೆರೆ ಮಾತ್ರ ದಾಟಬಾರದು. ಹಾಸ್ಟೆಲ್ ಹಿಂದಿನ ನಾಯಿ ಮೇಲೆ ಯಾರೂ ಏನನ್ನೂ ಪರೀಕ್ಷಿಸಬಾರದು. ಪ್ರಾಣಿ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು, ಚಿಕಿತ್ಸೆ ಪಶುವೈದ್ಯರ ಕೆಲಸ. ನಮ್ಮದು ಅವರ ಕೈಗೆ ಸಲಕರಣೆ ಕೊಡೋ ಕೆಲಸ.

ಪ್ರಾಜೆಕ್ಟು ಮುಗಿಯೋವರೆಗೂ ಕಾಯದೆ ಮಾಡಬಹುದಾದದ್ದೂ ಇದೆ. ರಸ್ತೆ ಬದಿ ಕಾಲು ಮುರಿದ ನಾಯಿ ಕಂಡರೆ ಮೊದಲು ಬಾಯಿಗೆ ಬಟ್ಟೆ ಸುತ್ತಿ, ಉಸಿರಾಡೋಕೆ ಮೂಗು ಬಿಟ್ಟು. ಹಲಗೆಯ ಮೇಲೋ ಬಿಗಿಯಾಗಿ ಎಳೆದ ಗೋಣಿಚೀಲದ ಮೇಲೋ ಎತ್ತಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡ ಕೆಡಿಸುತ್ತದೆ. ತೊಡೆ ಮುರಿದಿದ್ದರೆ ದಬ್ಬೆ ಕಟ್ಟಲೇಬೇಡಿ. ಕಚ್ಚಿದರೆ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಲಸಿಕೆ ಹಾಕಿಸಿಕೊಳ್ಳಿ. ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಸಂಖ್ಯೆ 1962, ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಮುಂದಿನ ಸೆಮಿಸ್ಟರಿನ ಪ್ರಾಜೆಕ್ಟ್ ಹೆಸರು ಕೊಡೋಕೆ ಇನ್ನೂ ಸಮಯ ಇದೆ. ಪಿನ್ ಚೌಕಟ್ಟಿಗೆ ಇಬ್ಬರು ಮೆಕ್ಯಾನಿಕಲ್‌ನವರು, ಅಟ್ಟಣೆಗೆ ಒಬ್ಬರು ಬಯೋಟೆಕ್‌ನವರು ಬೇಕಾಗಿದ್ದಾರೆ. ಗೂಡು ತರೋ ಜವಾಬ್ದಾರಿ ಕೊಳ್ಳೇಗಾಲದವರಾದ ನಮ್ಮದು.